ನೋರ್ಡ್‌ಕಾಪ್‌ಗೆ ಸೈಕಲ್ಲಿನಲ್ಲಿ: ಮೂರು ದಾರಿಗಳ ಹೋಲಿಕೆ

ನಾರ್ವೆಯ ಉತ್ತರ ತುದಿಯಲ್ಲಿ, ಮಾಗೆರೋಯಾ ದ್ವೀಪದ ಅಂಚಿನಲ್ಲಿ, ಸಮುದ್ರದಿಂದ 307 ಮೀಟರ್ ಎತ್ತರಕ್ಕೆ ಕಡಿದಾಗಿ ಎದ್ದಿರುವ ಬಂಡೆಯ ಭೂಶಿರಕ್ಕೆ ನೋರ್ಡ್‌ಕಾಪ್ ಎಂದು ಹೆಸರು. ಇಂಗ್ಲಿಷ್ ನಕ್ಷೆಗಳಲ್ಲಿ ಇದೇ ನಾರ್ತ್ ಕೇಪ್. 71 ಡಿಗ್ರಿ ಉತ್ತರ ಅಕ್ಷಾಂಶವನ್ನೂ ದಾಟಿದ ಈ ಜಾಗದವರೆಗೆ ಡಾಂಬರು ರಸ್ತೆ ಇರುವುದರಿಂದ, ದೂರದ ಸೈಕಲ್ ಯಾನದ ಹಂಬಲವಿರುವವರು ಒಂದಲ್ಲ ಒಂದು ದಿನ ಇದರ ಲೆಕ್ಕ ಹಾಕಿಯೇ ಹಾಕುತ್ತಾರೆ. ಯುರೋಪನ್ನು ಹಾದುಹೋಗುವ ಯೂರೋವೆಲೋ ಸೈಕಲ್ ಮಾರ್ಗಗಳಲ್ಲಿ 1, 7 ಮತ್ತು 11ನೆಯ ಸಂಖ್ಯೆಯವು ಇಲ್ಲಿ ಬಂದು ಸೇರುತ್ತವೆ: ಒಂದು ಅಟ್ಲಾಂಟಿಕ್ ಕರಾವಳಿಯನ್ನು ಹಿಡಿದು ಬರುತ್ತದೆ, ಇನ್ನೊಂದು ಮಾಲ್ಟಾ ಕಡೆಯಿಂದ, ಮತ್ತೊಂದು ಅಥೆನ್ಸ್ ಕಡೆಯಿಂದ.

ಇಡೀ ಯುರೋಪನ್ನು ದಾಟಿ ಬರುವಷ್ಟು ರಜೆ ಯಾರಿಗೂ ಸುಲಭಕ್ಕೆ ಸಿಗುವುದಿಲ್ಲವಾದ್ದರಿಂದ, ಇಲ್ಲಿ ಹೋಲಿಸುತ್ತಿರುವುದು ಆ ಮಾರ್ಗಗಳ ಕೊನೆಯ ಏಳು ನೂರರಿಂದ ಸಾವಿರ ಕಿಲೋಮೀಟರುಗಳನ್ನು ಮಾತ್ರ. ಫಿನ್‌ಲ್ಯಾಂಡಿನ ರೊವಾನಿಯೆಮಿಯಿಂದ ಹೊರಟು ಇನಾರಿ ಮತ್ತು ಕರಾಶೊಕ್ ಮೂಲಕ ಬರುವುದು ಮೊದಲನೆಯ ದಾರಿ. ಅದೇ ರೊವಾನಿಯೆಮಿಯಿಂದ ಪಶ್ಚಿಮಕ್ಕೆ ತಿರುಗಿ, ಮುವೊನಿಯೊ, ಕೌಟೊಕೈನೊ, ಆಲ್ಟಾಗಳನ್ನು ಹಾದು ಬರುವುದು ಎರಡನೆಯದು. ನಾರ್ವೆಯ ಬೋಡೊ ಪಟ್ಟಣದಿಂದ ಲೊಫೊಟೆನ್ ದ್ವೀಪಗಳಿಗೆ ದಾಟಿ, ಟ್ರೊಮ್ಸೊ ಮೂಲಕ ಆಲ್ಟಾ ಸೇರಿ ಮುಂದುವರಿಯುವುದು ಮೂರನೆಯದು. ಉದ್ದದ ಲೆಕ್ಕದಲ್ಲಿ ಇವು ಕ್ರಮವಾಗಿ ಸುಮಾರು 700, 750 ಮತ್ತು 1,000 ಕಿಲೋಮೀಟರ್ ಆಗುತ್ತವೆ. ಆದರೆ ಆಯ್ಕೆ ನಿಲ್ಲಬೇಕಾದುದು ಈ ಅಂಕಿಗಳ ಮೇಲಲ್ಲ. ಮೂರೂ ದಾರಿಗಳಲ್ಲಿ ಕಷ್ಟವಿದೆ, ಮತ್ತು ಒಂದರ ಕಷ್ಟ ಇನ್ನೊಂದರದಂತಿಲ್ಲ. ಸೊಳ್ಳೆ ಮತ್ತು ಒಂದೇ ಬಗೆಯ ಕಾಡನ್ನು ಸಹಿಸಬಲ್ಲವರಿಗೆ ಒಂದು ದಾರಿ ಹಗುರವೆನಿಸಿದರೆ, ಮಳೆ ಮತ್ತು ಏರನ್ನು ಸಹಿಸಬಲ್ಲವರಿಗೆ ಇನ್ನೊಂದು ಹಗುರವೆನಿಸುತ್ತದೆ. ತಮಗೆ ಯಾವ ಕಷ್ಟ ಒಗ್ಗುತ್ತದೆ ಎಂಬುದನ್ನು ಮೊದಲು ಪ್ರಾಮಾಣಿಕವಾಗಿ ತೀರ್ಮಾನಿಸಿಕೊಂಡವರಿಗೆ ನಕ್ಷೆ ನೋಡುವ ಕೆಲಸ ಅರ್ಧ ಮುಗಿದಂತೆಯೇ.

ಮೂರಕ್ಕೂ ಸಾಮಾನ್ಯವಾದ ಕೊನೆಯ 129 ಕಿಲೋಮೀಟರ್

ಯಾವ ದಾರಿಯಲ್ಲಿ ಬಂದರೂ ಓಲ್ಡರ್‌ಫಿಯೋರ್ಡ್ ಎಂಬ ಪುಟ್ಟ ಊರಿನ ಕವಲಿಗೆ ಬಂದೇ ತೀರಬೇಕು. ಅಲ್ಲಿಂದ ಇ69 ರಸ್ತೆ ಆರಂಭವಾಗಿ, 129 ಕಿಲೋಮೀಟರ್ ದೂರದಲ್ಲಿ, ಭೂಶಿರದ ಮೇಲೆಯೇ ಮುಗಿಯುತ್ತದೆ. ಯೋಜನೆಯನ್ನು ಈ ಕೊನೆಯ ತುಂಡಿನಿಂದ ಹಿಂದಕ್ಕೆ ಹಾಕಿಕೊಂಡು ಬರುವುದೇ ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ, ಏಕೆಂದರೆ ಸೈಕಲ್ಲಿಗೆ ಎಂಥ ಗೇರ್ ಬೇಕು, ಎಷ್ಟು ದಿನ ಕೈಯಲ್ಲಿಟ್ಟುಕೊಳ್ಳಬೇಕು, ಯಾವ ಬಟ್ಟೆ ಮೇಲೆ ಇರಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಇರುವುದು ಇಲ್ಲಿ.

ಮೊದಲರ್ಧ ಪೊರ್ಸಾಂಗರ್ ಫಿಯೋರ್ಡಿನ, ಅಂದರೆ ಬೆಟ್ಟಗಳ ನಡುವೆ ಒಳನಾಡಿಗೆ ಚಾಚಿದ ಸಮುದ್ರದ ತೋಳಿನ, ದಡವನ್ನು ಹಿಡಿದು ಸಾಗುತ್ತದೆ. ಒಂದು ಕಡೆ ನೀರು, ಇನ್ನೊಂದು ಕಡೆ ಪದರ ಪದರವಾಗಿ ಸೀಳಿದ ಬಂಡೆ. ಮುಂದೆ ಹೋದಷ್ಟೂ ಬರ್ಚ್ ಗಿಡಗಳು ಕುಳ್ಳಾಗುತ್ತ ಬಂದು, ಕೊನೆಗೆ ಮರವೆಂಬುದೇ ಇಲ್ಲವಾಗುತ್ತದೆ. ಮರವಿಲ್ಲ ಎಂದರೆ ಗಾಳಿಗೆ ಮರೆಯೂ ಇಲ್ಲ ಎಂದರ್ಥ. ಹಿಮಸಾರಂಗಗಳು ಹಿಂಡಾಗಿ ರಸ್ತೆಯ ಮೇಲೆಯೇ ನಿಂತಿರುತ್ತವೆ. ಸೈಕಲ್ ಸದ್ದು ಮಾಡದೆ ಬರುವುದರಿಂದ ಅವು ತೀರಾ ಹತ್ತಿರವಾದ ಮೇಲೆ ಬೆಚ್ಚಿ, ಯಾವ ಕಡೆ ಓಡುತ್ತವೆ ಎಂದು ಹೇಳಲಾಗದಂತೆ ಓಡುತ್ತವೆ. ಇಳಿಜಾರಿನಲ್ಲಿ ಅವು ಕಂಡ ಕೂಡಲೇ ವೇಗ ತಗ್ಗಿಸಿ, ದೂರದಿಂದಲೇ ಗಂಟೆ ಬಾರಿಸುವುದು ಒಳ್ಳೆಯದು.

ಆಮೇಲೆ ಬರುವುದು ನೋರ್ಡ್‌ಕಾಪ್ ಸುರಂಗ. 1999ರಲ್ಲಿ ತೆರೆದ ಈ ಸುರಂಗ ಸಮುದ್ರದ ತಳದ ಕೆಳಗೆ ಹಾದು ದ್ವೀಪವನ್ನು ಮುಖ್ಯಭೂಮಿಗೆ ಜೋಡಿಸುತ್ತದೆ. ಅದಕ್ಕೆ ಮೊದಲು ದ್ವೀಪಕ್ಕೆ ಫೆರಿಯಲ್ಲಿ ದಾಟಬೇಕಿತ್ತು. ಉದ್ದ 6.87 ಕಿಲೋಮೀಟರ್, ಅತ್ಯಂತ ಆಳದ ಜಾಗ ಸಮುದ್ರಮಟ್ಟಕ್ಕಿಂತ 212 ಮೀಟರ್ ಕೆಳಗೆ. ನಾರ್ವೆಯ ಅನೇಕ ಸುರಂಗಗಳಲ್ಲಿ ಸೈಕಲ್ಲಿಗೆ ನಿಷೇಧವಿದ್ದರೂ ಇದರಲ್ಲಿ ಅನುಮತಿ ಇದೆ, ಸುಂಕವೂ ಈಗ ಇಲ್ಲ. ಒಳಗೆ ಹೊಕ್ಕ ಕೂಡಲೇ ರಸ್ತೆ ಶೇ. 9ರಷ್ಟು ಕಡಿದಾಗಿ ಇಳಿಯತೊಡಗುತ್ತದೆ. ಸುಮಾರು ಎರಡೂವರೆ ಕಿಲೋಮೀಟರ್ ಇಳಿದ ಮೇಲೆ ಒಂದಿಷ್ಟು ದೂರ ಸಮತಟ್ಟು, ಅನಂತರ ಇಳಿದಷ್ಟೇ ಏರು. ಹೊರಗೆ ಬೇಸಿಗೆಯಾಗಿದ್ದರೂ ಒಳಗೆ ತಣ್ಣನೆಯ, ತೇವದ ಗಾಳಿ ಇರುತ್ತದೆ. ಬೆವರಿದ ಮೈಯಲ್ಲಿ ಇಳಿಜಾರಿಗೆ ಬಿಟ್ಟರೆ ತಳ ಮುಟ್ಟುವಷ್ಟರಲ್ಲಿ ಬೆರಳುಗಳು ಬ್ರೇಕಿನ ಮೇಲೆ ಮರಗಟ್ಟುತ್ತವೆ, ಆಮೇಲೆ ಅದೇ ಜಾಕೆಟ್ಟಿನಲ್ಲಿ ಏರು ಹತ್ತಿದರೆ ಒಳಗಿನಿಂದ ತೊಯ್ದುಹೋಗುತ್ತದೆ. ಆದ್ದರಿಂದ ಬಾಯಿಯ ಬಳಿಯೇ ನಿಂತು ಜಾಕೆಟ್ ಮತ್ತು ಕೈಗವಸು ಹಾಕಿಕೊಂಡು, ತಳದ ಸಮತಟ್ಟಿನಲ್ಲಿ ಜಾಕೆಟ್ ತೆಗೆದು ಕಟ್ಟಿಕೊಂಡು ಏರುವುದು ಕ್ರಮ. ಸಾಮಾನು ಹೇರಿದ ಸೈಕಲ್ ಗಂಟೆಗೆ ಐದಾರು ಕಿಲೋಮೀಟರ್ ವೇಗದಲ್ಲಿ ಹತ್ತುವುದರಿಂದ, ಏರುವುದಕ್ಕೇ ಅರ್ಧ ಗಂಟೆ ಬೇಕಾಗುತ್ತದೆ.

ಸುರಂಗದೊಳಗೆ ಹೆಚ್ಚು ಹೆದರಿಸುವುದು ಸದ್ದು. ಒಂದು ಬಸ್ಸು ಬಾಯಿಯ ಬಳಿ ಒಳಹೊಕ್ಕರೆ ಅದರ ಮೊರೆತ ನಿಮಿಷಗಟ್ಟಲೆ ಮೊದಲೇ ಕಿವಿಗೆ ಬೀಳುತ್ತದೆ, ಮುಂದಿನಿಂದಲೋ ಹಿಂದಿನಿಂದಲೋ ತಿಳಿಯುವುದಿಲ್ಲ. ಹಿಂದಿನ ಕೆಂಪು ದೀಪ ಎರಡಿರಲಿ, ಮೈಮೇಲೆ ಬೆಳಕಿಗೆ ಹೊಳೆಯುವ ಅಂಗಿ ಇರಲಿ, ಅಂಚಿಗೆ ತೀರಾ ಒತ್ತಿಕೊಳ್ಳದೆ ನೇರ ಗೆರೆಯಲ್ಲಿ ಸಾಗಬೇಕು. ಇದಕ್ಕಿಂತ ದೊಡ್ಡ ಉಪಾಯವೊಂದಿದೆ: ಬೇಸಿಗೆಯ ನಡುವಿನಲ್ಲಿ ಇಲ್ಲಿ ರಾತ್ರಿಯಿಡೀ ಬೆಳಕಿರುವುದರಿಂದ, ಪ್ರವಾಸಿ ಬಸ್ಸುಗಳೂ ಕ್ಯಾಂಪರ್ ವ್ಯಾನುಗಳೂ ವಿರಳವಾದ ತಡರಾತ್ರಿ ಅಥವಾ ನಸುಕಿನ ಹೊತ್ತಿಗೆ ಸುರಂಗವನ್ನು ದಾಟುವಂತೆ ದಿನವನ್ನು ಹೊಂದಿಸಿಕೊಳ್ಳಬಹುದು. ಮುಂದೆ ಹೊನ್ನಿಂಗ್ಸ್‌ವೋಗ್ ಸುರಂಗವೂ ನಾಲ್ಕು ಕಿಲೋಮೀಟರಿಗಿಂತ ಉದ್ದವಿದೆ, ಆದರೆ ಅದು ಸಮುದ್ರದ ಕೆಳಗೆ ಇಳಿಯುವುದಿಲ್ಲವಾದ್ದರಿಂದ ಅಷ್ಟಾಗಿ ಕಾಡುವುದಿಲ್ಲ.

ಹೊನ್ನಿಂಗ್ಸ್‌ವೋಗ್ ಪಟ್ಟಣದಲ್ಲಿ ಅಂಗಡಿಗಳಿವೆ, ವಸತಿಯಿದೆ, ಹಡಗುಕಟ್ಟೆಯಿದೆ. ಅಲ್ಲಿಂದ ಭೂಶಿರಕ್ಕೆ ಉಳಿಯುವುದು 34 ಕಿಲೋಮೀಟರ್. ನಕ್ಷೆಯಲ್ಲಿ ಇದು ಎರಡು ಗಂಟೆಯ ಕೆಲಸದಂತೆ ಕಾಣುತ್ತದೆ. ವಾಸ್ತವದಲ್ಲಿ ಸಮುದ್ರಮಟ್ಟದಿಂದ ಮುನ್ನೂರು ಮೀಟರ್ ಆಸುಪಾಸಿಗೆ ಹತ್ತಿಸಿ, ಗಳಿಸಿದ ಎತ್ತರದಲ್ಲಿ ಬಹುಪಾಲನ್ನು ಕಳೆದು, ಮತ್ತೆ ಅಷ್ಟೇ ಹತ್ತಿಸುವ ದಾರಿ ಇದು, ಅದೂ ಪೂರ್ತಿ ಬಯಲಿನಲ್ಲಿ. ಆರ್ಕ್ಟಿಕ್ ಸಾಗರದಿಂದ ನೇರವಾಗಿ ಬೀಸುವ ಗಾಳಿ ಅಡ್ಡಲಾಗಿ ಹೊಡೆಯುವ ದಿನ, ಚೀಲ ತೂಗುಹಾಕಿದ ಸೈಕಲ್ಲನ್ನು ತಳ್ಳಿಕೊಂಡು ಹೋಗುವುದೂ ಪ್ರಯಾಸ. ಓಲ್ಡರ್‌ಫಿಯೋರ್ಡಿನಿಂದ ಭೂಶಿರದವರೆಗಿನದನ್ನು ಒಂದೇ ದಿನದಲ್ಲಿ ಮುಗಿಸಿದವರಿಲ್ಲದಿಲ್ಲ, ಆದರೆ ಯೋಜನೆಯಲ್ಲಿ ಮೂರು ದಿನ ಬರೆದುಕೊಳ್ಳುವುದು ಜಾಣತನ: ಸುರಂಗಕ್ಕೆ ಮೊದಲು ಒಂದು ರಾತ್ರಿ, ಹೊನ್ನಿಂಗ್ಸ್‌ವೋಗ್ ಬಳಿ ಒಂದು ರಾತ್ರಿ, ಮತ್ತು ಮಂಜು ಅಥವಾ ಗಾಳಿ ತಗ್ಗುವವರೆಗೆ ಕಾಯಲು ಒಂದು ದಿನ. ಸಾಮಾನನ್ನೆಲ್ಲ ಹೊನ್ನಿಂಗ್ಸ್‌ವೋಗಿನ ವಸತಿಯಲ್ಲಿ ಬಿಟ್ಟು, ಹವಾಮಾನ ತಿಳಿಯಾದ ಹೊತ್ತು ನೋಡಿ ಬರಿಗೈಯಲ್ಲಿ ಹೋಗಿಬರುವವರು ತಾವು ಕಡಿಮೆ ಸಾಧಿಸಿದೆವೆಂದು ಭಾವಿಸಬೇಕಾಗಿಲ್ಲ.

ಇನಾರಿಯ ದಾರಿ

ಮೊದಲ ಬಾರಿ ಇಷ್ಟು ಉತ್ತರಕ್ಕೆ ಹೋಗುವವರಿಗೆ ನಾನು ಸೂಚಿಸುವುದು ಈ ದಾರಿಯನ್ನೇ. ಇದಕ್ಕೆ ಬೇಸರದ ದಾರಿ ಎಂಬ ಅಪವಾದವಿದೆ, ಮತ್ತು ಅದು ಪೂರ್ತಿ ಸುಳ್ಳೇನೂ ಅಲ್ಲ. ರೊವಾನಿಯೆಮಿ ಆರ್ಕ್ಟಿಕ್ ವೃತ್ತಕ್ಕೆ ಅಂಟಿಕೊಂಡಂತೆಯೇ ಇರುವ ಊರು. ಹೆಲ್ಸಿಂಕಿಯಿಂದ ಅಲ್ಲಿಗೆ ರಾತ್ರಿ ರೈಲಿದೆ, ಸೈಕಲ್ಲನ್ನು ಮುಂಗಡ ಕಾದಿರಿಸಿ ಅದೇ ರೈಲಿನಲ್ಲಿ ಒಯ್ಯಬಹುದು. ಮೂರು ದಾರಿಗಳ ಪೈಕಿ ಆರಂಭದ ಜಾಗಕ್ಕೆ ತಲುಪುವುದು ಇಷ್ಟು ಸುಲಭವಾಗಿರುವುದು ಫಿನ್‌ಲ್ಯಾಂಡಿನ ಎರಡಕ್ಕೆ ಮಾತ್ರ. ಅಲ್ಲಿಂದ ಇ75 ಹಿಡಿದು ಸೊದಾಂಕುಲಾ, ಸಾರಿಸೆಲ್ಕಾ, ಇವಾಲೊ ದಾಟಿ ಇನಾರಿ ಸೇರುವವರೆಗೆ ಪೈನ್ ಮತ್ತು ಬರ್ಚ್ ಕಾಡು, ಜೌಗು, ಕೆರೆ, ಮತ್ತೆ ಕಾಡು. ರಸ್ತೆ ನೇರ, ಏರು ಸೌಮ್ಯ, ದಿನಕ್ಕೆ ಎಂಬತ್ತು ಕಿಲೋಮೀಟರ್ ಸಾಗುವುದು ಸಾಮಾನ್ಯ ತಾಲೀಮಿನವರಿಗೂ ಕಷ್ಟವಲ್ಲ.

ಕಷ್ಟ ಎದುರಾಗುವುದು ಸೈಕಲ್ ನಿಲ್ಲಿಸಿದ ಮೇಲೆ. ಜೂನ್ ಕೊನೆಯಿಂದ ಜುಲೈ ಪೂರ್ತಿ ಉತ್ತರ ಫಿನ್‌ಲ್ಯಾಂಡಿನ ಲ್ಯಾಪ್‌ಲ್ಯಾಂಡಿನ ಜೌಗುಗಳಿಂದ ಏಳುವ ಸೊಳ್ಳೆಗಳು ಕೀಟನಾಶಕಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ. ಚಕ್ರ ತಿರುಗುತ್ತಿರುವಷ್ಟು ಹೊತ್ತು ಅವು ಹತ್ತಿರ ಬರುವುದಿಲ್ಲ. ಪಂಕ್ಚರ್ ಹಾಕಲು ಕುಳಿತ ಕ್ಷಣದಲ್ಲಿ ಕೈ, ಕಿವಿ, ಕಣ್ಣಿನ ರೆಪ್ಪೆಯವರೆಗೆ ಮುತ್ತಿಕೊಳ್ಳುತ್ತವೆ. ತಲೆಗೆ ಹಾಕುವ ಬಲೆ, ಉದ್ದ ತೋಳಿನ ದಪ್ಪ ಅಂಗಿ, ಒಳಗೆ ಕುಳಿತು ಅಡುಗೆ ಸಾಮಾನು ಜೋಡಿಸಿಕೊಳ್ಳಲು ಜಾಗವಿರುವ ಟೆಂಟ್, ಇಷ್ಟಿಲ್ಲದೆ ಜುಲೈಯಲ್ಲಿ ಈ ದಾರಿ ಹಿಡಿಯಬಾರದು. ಆಗಸ್ಟ್ ನಡುವಿನ ಹೊತ್ತಿಗೆ ಕಾಟ ಬಹಳಷ್ಟು ಇಳಿಯುತ್ತದೆ.

ಇನಾರಿಯಲ್ಲಿ, ಈ ಉತ್ತರ ಸೀಮೆಯ ಮೂಲನಿವಾಸಿಗಳಾದ ಸಾಮಿ ಜನರ ಸಿಯಿದಾ ಎಂಬ ವಸ್ತುಸಂಗ್ರಹಾಲಯವಿದೆ. ದೊಡ್ಡ ಕೆರೆಯ ದಡದಲ್ಲಿರುವ ಆ ಊರಿನಲ್ಲಿ ಒಂದು ದಿನದ ವಿಶ್ರಾಂತಿ ಹೊಂದಿಕೊಳ್ಳುತ್ತದೆ. ಕಾಮಾನೆನ್ ದಾಟಿ ಇ75 ಬಿಟ್ಟು ಕರಿಗಸ್ನಿಯೆಮಿ ಕಡೆ ತಿರುಗಿದ ಮೇಲೆ ವಾಹನಗಳು ತೀರಾ ಕಡಿಮೆಯಾಗುತ್ತವೆ, ನೆಲವೂ ಅಲೆಯಲೆಯಾಗಿ ಏಳುಬೀಳುತ್ತದೆ. ಇಡೀ ದಾರಿಯಲ್ಲಿ ನೆನಪಿನಲ್ಲಿ ಉಳಿಯುವ ತುಂಡು ಬಹುಶಃ ಇದೇ. ಅಂಗಡಿಗಳ ನಡುವಿನ ಅಂತರ ಇಲ್ಲಿ ಹೆಚ್ಚು, ಒಂದು ದಿನದ ಊಟ ಚೀಲದಲ್ಲಿರಬೇಕು. ಗಡಿ ದಾಟಿ ಕರಾಶೊಕ್ ಸೇರಿದರೆ ನಾರ್ವೆಯ ಸಾಮಿ ಸಂಸತ್ತಿನ ಊರು; ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಬೇಕು, ಯೂರೋ ಬದಲು ಕ್ರೋನ್ ಆರಂಭವಾಗುತ್ತದೆ. ಕರಾಶೊಕ್‌ನಿಂದ ಲಕ್ಸೆಲ್ವ್ 74 ಕಿಲೋಮೀಟರ್, ಅಲ್ಲಿಂದ ಫಿಯೋರ್ಡಿನ ಪಶ್ಚಿಮ ದಡದಲ್ಲಿ ಓಲ್ಡರ್‌ಫಿಯೋರ್ಡ್ 62 ಕಿಲೋಮೀಟರ್. ಸಮುದ್ರ ಮೊದಲ ಬಾರಿಗೆ ಕಾಣುವುದು ಲಕ್ಸೆಲ್ವ್‌ನಲ್ಲಿ, ಆರು ದಿನಗಳ ಕಾಡಿನ ನಂತರ. ಅದು ಕರಾವಳಿಯ ದಾರಿಯಲ್ಲಿ ಬಂದವರಿಗೆ ಸಿಗದ ಸುಖ.

ದಿನಕ್ಕೆ ಸರಾಸರಿ ಎಪ್ಪತ್ತು ಕಿಲೋಮೀಟರ್ ಹಿಡಿದರೆ ಹತ್ತು ದಿನ, ಎರಡು ದಿನ ಹೆಚ್ಚುವರಿಯಾಗಿ ಇಟ್ಟರೆ ಹನ್ನೆರಡು. ಎರಡು ವಾರದ ರಜೆಯಲ್ಲಿ ನಿಜವಾಗಿ ಆಗುವ ದಾರಿ ಇದೊಂದೇ ಎಂದರೂ ತಪ್ಪಿಲ್ಲ.

ಕೌಟೊಕೈನೊ ದಾರಿ

ಇದರ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ, ಏಕೆಂದರೆ ಫಿನ್‌ಲ್ಯಾಂಡಿನ ಭಾಗದ ಗುಣದೋಷಗಳು ಬಹುಮಟ್ಟಿಗೆ ಮೇಲಿನಂತೆಯೇ. ಮುವೊನಿಯೊ ಮತ್ತು ಹೆಟ್ಟಾ ದಾಟಿ ಗಡಿ ಸೇರುವವರೆಗೆ ಇ75ಕ್ಕಿಂತ ವಾಹನ ಕಡಿಮೆ, ಊರುಗಳೂ ಕಡಿಮೆ. ಇದರ ಆಕರ್ಷಣೆ ಇರುವುದು ಕೌಟೊಕೈನೊದಿಂದ ಆಲ್ಟಾಕ್ಕೆ ಇಳಿಯುವ ಸುಮಾರು 130 ಕಿಲೋಮೀಟರುಗಳಲ್ಲಿ: ಹಿಮಸಾರಂಗ ಸಾಕುವ ಸಾಮಿ ಜನರ ಫಿನ್‌ಮಾರ್ಕ್ ಪ್ರಸ್ಥಭೂಮಿಯ ಮೇಲೆ ಸಾಗಿದ ರಸ್ತೆ, ಕೊನೆಯಲ್ಲಿ ಕಿರಿದಾದ ಕಲ್ಲಿನ ಕಣಿವೆಯೊಳಗೆ ಹೊಕ್ಕು ಸಮುದ್ರಮಟ್ಟಕ್ಕೆ ಇಳಿಯುತ್ತದೆ. ಉತ್ತರಕ್ಕೆ ಹೋಗುವವರಿಗೆ ಒಟ್ಟಾರೆ ಇಳಿಜಾರು ಸಿಗುವುದೂ ಒಂದು ಲಾಭ. ಆಲ್ಟಾದ ಯೆಮ್ಮೆಲುಫ್ಟ್‌ನಲ್ಲಿರುವ ಸಾವಿರಾರು ವರ್ಷ ಹಳೆಯ ಬಂಡೆಗೀರು ಚಿತ್ರಗಳು 1985ರಿಂದ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಯಲ್ಲಿವೆ. ಸೈಕಲ್ ಬಿಟ್ಟು ಅರ್ಧ ದಿನ ಅಲ್ಲಿ ನಡೆಯುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ.

ಇದರ ದೋಷ ಆಲ್ಟಾ ಬಿಟ್ಟ ಮೇಲೆ ಕಾಣಿಸಿಕೊಳ್ಳುತ್ತದೆ. ಆಲ್ಟಾದಿಂದ ಓಲ್ಡರ್‌ಫಿಯೋರ್ಡಿಗೆ ಹೋಗುವ ಸುಮಾರು 110 ಕಿಲೋಮೀಟರಿನಲ್ಲಿ ಸೆನ್ನಾಲಾಂಡೆಟ್ ಎಂಬ ಬೋಳು ಎತ್ತರವನ್ನು ದಾಟಬೇಕು. ಹತ್ತುವುದು ಅಷ್ಟೇನೂ ಕಡಿದಲ್ಲ, ಆದರೆ ಮೇಲೆ ಹೋದ ಮೇಲೆ ಹತ್ತಾರು ಕಿಲೋಮೀಟರ್ ಮರೆಯೇ ಇಲ್ಲ. ಎದುರುಗಾಳಿಯೂ ಮಳೆಯೂ ಒಟ್ಟಿಗೆ ಬಂದ ದಿನ ಇಲ್ಲಿ ಸಿಕ್ಕಿಕೊಳ್ಳುವುದಕ್ಕಿಂತ ಆಲ್ಟಾದಲ್ಲಿ ಇನ್ನೊಂದು ರಾತ್ರಿ ಉಳಿಯುವುದು ಲೇಸು. ಇನಾರಿಯ ದಾರಿಯವರು ಇದೇ ಹೊತ್ತಿಗೆ ಲಕ್ಸೆಲ್ವ್‌ನಿಂದ ಫಿಯೋರ್ಡಿನ ಮಗ್ಗುಲಲ್ಲಿ, ತಗ್ಗಿನಲ್ಲಿ ಬರುತ್ತಿರುತ್ತಾರೆ. ಎರಡರ ನಡುವೆ ತೂಗುತ್ತಿರುವವರು ಈ ಒಂದು ವ್ಯತ್ಯಾಸವನ್ನು ಕಡೆಗಣಿಸಬಾರದು. ಆದರೂ ವಾಹನಗಳ ಸದ್ದೇ ಹೆಚ್ಚು ಕಾಡುತ್ತದೆ ಎನ್ನುವವರಿಗೆ, ಒಟ್ಟು ಲೆಕ್ಕದಲ್ಲಿ, ಕೌಟೊಕೈನೊ ಇನಾರಿಗಿಂತ ಹಿತವಾದೀತು.

ಕರಾವಳಿಯ ದಾರಿ

ಎಲ್ಲರೂ ನೋಡಿರುವ ಚಿತ್ರಗಳು ಈ ದಾರಿಯವು: ನೀರಿನಿಂದ ನೇರ ಎದ್ದ ಕೋಡುಗಲ್ಲುಗಳು, ಅವುಗಳ ಬುಡದಲ್ಲಿ ಮೀನುಗಾರರ ಕೆಂಪು ಮನೆಗಳು. ನಾರ್ವೆಯ ನೋರ್ಡ್‌ಲಾಂಡ್ ರೈಲುಮಾರ್ಗ ಟ್ರೊಂಡ್‌ಹೈಮ್‌ನಿಂದ 729 ಕಿಲೋಮೀಟರ್ ಬಂದು ಬೋಡೊದಲ್ಲಿ ಮುಗಿಯುತ್ತದೆ. ಅಲ್ಲಿಂದ ಮೂರು ಗಂಟೆಗೂ ಮಿಕ್ಕಿದ ಫೆರಿ ಯಾನ ಮೊಸ್ಕೆನೆಸ್‌ಗೆ, ಆಮೇಲೆ ಲೊಫೊಟೆನ್ ಉದ್ದಕ್ಕೂ ಇ10, ವೆಸ್ಟರೋಲೆನ್ ಹಾದು ಆಂಡೆನೆಸ್. ಅಲ್ಲಿಂದ ಫೆರಿಯಲ್ಲಿ ಸೆನ್ಯಾ ದ್ವೀಪದ ಗ್ರಿಲ್ಲೆಫಿಯೋರ್ಡ್, ಇನ್ನೊಂದು ಫೆರಿಯಲ್ಲಿ ಬೊಟ್ನ್‌ಹಾಮ್ನಿಂದ ಬ್ರೆನ್ಸ್‌ಹೋಲ್ಮೆನ್, ಹಾಗೆಯೇ ಟ್ರೊಮ್ಸೊ. ಟ್ರೊಮ್ಸೊದಿಂದ ಮುಂದೆಯೂ ಲಿಂಗೆನ್ ಪರ್ವತಗಳನ್ನು ಎರಡು ಫೆರಿಗಳ ನಡುವೆ ದಾಟಿ ಓಲ್ಡರ್‌ಡಾಲೆನ್ ಸೇರಿ, ಇ6 ಹಿಡಿದು ಆಲ್ಟಾಕ್ಕೆ ಬರಬೇಕು. ಅಂದರೆ ಸೆನ್ನಾಲಾಂಡೆಟ್ ಇವರಿಗೂ ತಪ್ಪಿದ್ದಲ್ಲ.

ಇಲ್ಲಿ ಕಿಲೋಮೀಟರ್ ಲೆಕ್ಕ ಮೋಸ ಮಾಡುತ್ತದೆ. ರಸ್ತೆ ಫಿಯೋರ್ಡಿನ ಒಳಕ್ಕೆ ಹೋಗಿ, ತಲೆಯನ್ನು ಸುತ್ತಿ, ಎದುರು ದಡದಲ್ಲಿ ಹಿಂದಿರುಗುವಾಗ, ಮುಂಜಾನೆ ಹೊರಟ ಊರು ಮಧ್ಯಾಹ್ನಕ್ಕೆ ನೀರಿನಾಚೆ ಕಣ್ಣೆದುರಿಗೇ ಇರುತ್ತದೆ. ಸೈಕಲ್ಲಿಗೆ ನಿಷೇಧವಿರುವ ಸುರಂಗ ಬಂದಲ್ಲಿ ಹಳೆಯ ರಸ್ತೆಯನ್ನು ಹುಡುಕಿ ಸುತ್ತಬೇಕು, ಕೆಲವೆಡೆ ಅಂಥ ರಸ್ತೆಯೂ ಇರುವುದಿಲ್ಲ. ಯಾವ ಸುರಂಗಕ್ಕೆ ಸೈಕಲ್ ಬಿಡುತ್ತಾರೆ ಎಂಬ ನಕ್ಷೆಯನ್ನು ಹೊರಡುವ ಮೊದಲೇ ನೋಡಿ ಗುರುತು ಹಾಕಿಕೊಳ್ಳುವುದು ಕಡ್ಡಾಯ. ಆಂಡೆನೆಸ್ ಫೆರಿ ಬೇಸಿಗೆಯಲ್ಲಿ ಮಾತ್ರ ಓಡುತ್ತದೆ. ಅದು ನಿಂತ ಮೇಲೆ ಹೊರಟವರ ಯೋಜನೆಯೇ ಬೇರೆಯಾಗಬೇಕಾಗುತ್ತದೆ. ಫೆರಿಯ ಹೊತ್ತು ತಪ್ಪಿದರೆ ಮುಂದಿನದು ಬರುವವರೆಗೆ ಅರ್ಧ ದಿನ ಕಟ್ಟೆಯ ಮೇಲೆ ಕಾಯಬೇಕಾದೀತು. ಮಳೆಯಂತೂ ಅತಿಥಿಯಲ್ಲ, ಮನೆಯವನೇ. ಹೀಗಾಗಿ ದಿನಕ್ಕೆ ಐವತ್ತರಿಂದ ಅರವತ್ತು ಕಿಲೋಮೀಟರಿಗಿಂತ ಹೆಚ್ಚು ಬರೆದುಕೊಳ್ಳಬಾರದು, ಒಟ್ಟು ಮೂರು ವಾರಕ್ಕಿಂತ ಕಡಿಮೆ ಇದ್ದರೆ ಇದನ್ನು ಮುಟ್ಟಲೇಬಾರದು.

ಇಷ್ಟೆಲ್ಲ ಹೇಳಿದ ಮೇಲೂ, ಮೂರು ವಾರವಿರುವ, ಗುಡ್ಡಗಾಡಿನಲ್ಲಿ ಸಾಮಾನು ಹೊತ್ತು ತುಳಿದು ಅಭ್ಯಾಸವಿರುವವರಿಗೆ ಈ ದಾರಿಯ ಎದುರು ಉಳಿದೆರಡು ನಿಲ್ಲುವುದಿಲ್ಲ. ಸಮುದ್ರದ ಗಾಳಿಯಲ್ಲಿ ಸೊಳ್ಳೆ ಕಡಿಮೆ, ಊರುಗಳು ಹತ್ತಿರ, ಏನಾದರೂ ಕೆಟ್ಟರೆ ಟ್ರೊಮ್ಸೊ ಮತ್ತು ಆಲ್ಟಾದಲ್ಲಿ ಸೈಕಲ್ ಅಂಗಡಿಗಳಿವೆ. ನನ್ನ ಆಕ್ಷೇಪ ದಾರಿಯ ಬಗ್ಗೆ ಅಲ್ಲ. ಚಿತ್ರ ನೋಡಿ ಮರುಳಾಗಿ, ಎರಡು ವಾರದಲ್ಲಿ ಇದನ್ನು ತುರುಕಿ, ಕೊನೆಗೆ ನೋಡಬೇಕಾದ ಜಾಗಗಳನ್ನು ಬಸ್ಸಿನ ಕಿಟಕಿಯಿಂದ ನೋಡುವವರ ಬಗ್ಗೆ.

ಯಾವ ತಿಂಗಳು

ನೋರ್ಡ್‌ಕಾಪ್‌ನಲ್ಲಿ ಮೇ ನಡುವಿನಿಂದ ಜುಲೈ ಕೊನೆಯವರೆಗೆ ಸೂರ್ಯ ಮುಳುಗುವುದಿಲ್ಲ. ಹಾಗೆಂದು ಮೇ ತಿಂಗಳಲ್ಲಿ ಹೊರಡುವಂತಿಲ್ಲ: ಪ್ರಸ್ಥಭೂಮಿಯಲ್ಲಿ ಹಿಮ ಇನ್ನೂ ಉಳಿದಿರುತ್ತದೆ, ಟೆಂಟ್ ಹಾಕುವ ನೆಲ ಕರಗಿದ ನೀರಿನಿಂದ ತೊಯ್ದಿರುತ್ತದೆ. ಚಳಿಗಾಲದಲ್ಲಿ ಭೂಶಿರಕ್ಕೆ ಹೋಗುವ ಕೊನೆಯ 13 ಕಿಲೋಮೀಟರ್ ರಸ್ತೆಯನ್ನು ಮುಚ್ಚಿ, ಹಿಮ ಸರಿಸುವ ವಾಹನದ ಹಿಂದೆ ಸಾಲಾಗಿ ಮಾತ್ರ ವಾಹನಗಳನ್ನು ಬಿಡುತ್ತಾರೆ. ಕರಾವಳಿಯವರಿಗೆ ಜೂನ್ ನಡುವಿನಿಂದ ಜುಲೈ ಕೊನೆ ಒಳ್ಳೆಯ ಕಾಲ. ಫಿನ್‌ಲ್ಯಾಂಡಿನ ದಾರಿಗಳವರು ಒಂದೋ ಸೊಳ್ಳೆ ಏಳುವ ಮೊದಲಿನ ಜೂನ್ ಆರಂಭವನ್ನು ಹಿಡಿಯಬೇಕು, ಇಲ್ಲವೇ ಆಗಸ್ಟ್ ಹದಿನೈದರ ನಂತರ ಹೊರಡಬೇಕು. ನಡುರಾತ್ರಿಯ ಸೂರ್ಯ ತಪ್ಪಿಹೋದರೂ, ಆಗಸ್ಟ್ ಕೊನೆಗೆ ಮಲಗುವುದಕ್ಕೆ ಕತ್ತಲೆ ಮರಳಿರುತ್ತದೆ, ಕುಳ್ಳ ಬರ್ಚ್ ಗಿಡಗಳು ಹಳದಿಯಾಗತೊಡಗುತ್ತವೆ. ನನಗೆ ಕೇಳಿದರೆ ಆಗಸ್ಟ್ ಉತ್ತರಾರ್ಧವೇ ಸೈ. ನಡುರಾತ್ರಿಯ ಸೂರ್ಯನನ್ನೇ ನೋಡಬೇಕೆಂದು ಬರುವವರಲ್ಲಿ ಅನೇಕರು ಅಲ್ಲಿ ನೋಡುವುದು ಮಂಜನ್ನು.

ಗಾಳಿಯ ದಿಕ್ಕನ್ನು ನಂಬಿ ದಾರಿ ಆರಿಸುವುದು ವ್ಯರ್ಥ, ಅದು ದಿನಕ್ಕೊಂದು ಕಡೆ ತಿರುಗುತ್ತದೆ. ನಾರ್ವೆಯ ಹವಾಮಾನ ಸಂಸ್ಥೆಯೂ ಸಾರ್ವಜನಿಕ ಪ್ರಸಾರ ಸಂಸ್ಥೆಯೂ ಸೇರಿ ನಡೆಸುವ ಯರ್ ಎಂಬ ಸೇವೆಯಲ್ಲಿ ಗಂಟೆ ಗಂಟೆಯ ಗಾಳಿಯ ವೇಗ ಸಿಗುತ್ತದೆ. ಸೆಕೆಂಡಿಗೆ ಹತ್ತು ಮೀಟರ್ ದಾಟಿದರೆ ದಿನದ ಗುರಿಯನ್ನು ಅರ್ಧಕ್ಕಿಳಿಸಿ. ಹದಿನೈದು ದಾಟಿದರೆ ಆ ದಿನ ದ್ವೀಪದ ಮೇಲೆ ಸೈಕಲ್ ತೆಗೆಯಬೇಡಿ.

ಮಲಗುವುದು, ಉಣ್ಣುವುದು

ನಾರ್ವೆಯ 1957ರ ಹೊರಾಂಗಣ ಕಾಯಿದೆಯ ಪ್ರಕಾರ ಬೇಸಾಯ ಮಾಡದ ಬಯಲಿನಲ್ಲಿ, ಜನವಸತಿಯ ಮನೆಯಿಂದ ಕನಿಷ್ಠ 150 ಮೀಟರ್ ದೂರದಲ್ಲಿ, ಯಾರ ಅನುಮತಿಯೂ ಇಲ್ಲದೆ ಎರಡು ರಾತ್ರಿಯವರೆಗೆ ಟೆಂಟ್ ಹಾಕಬಹುದು. ಫಿನ್‌ಲ್ಯಾಂಡಿನಲ್ಲೂ ಇಂಥದೇ ಹಕ್ಕಿದೆ; ಜೊತೆಗೆ ಅಲ್ಲಿ ಒಂದು ಬದಿ ತೆರೆದ ಮರದ ತಂಗುದಾಣಗಳೂ, ಬೆಂಕಿಗೂಡುಗಳೂ ಕಾಡಿನಲ್ಲಿ ಸಿಗುತ್ತವೆ. ಸಿಕ್ಕಲ್ಲಿ ಬೆಂಕಿ ಹಾಕುವುದಕ್ಕೆ ಎರಡೂ ಕಡೆ ನಿರ್ಬಂಧವಿದೆ. ನಾರ್ವೆಯಲ್ಲಿ ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲೂ ಅದರ ಆಸುಪಾಸಿನಲ್ಲೂ ಬೆಂಕಿ ಹಚ್ಚಬಾರದು. ಮಾಗೆರೋಯಾದ ಕಲ್ಲುನೆಲಕ್ಕೆ ಗೂಟ ಇಳಿಯುವುದು ಕಷ್ಟ, ಆದ್ದರಿಂದ ಗೂಟವಿಲ್ಲದೆಯೂ ನಿಲ್ಲುವಂಥ ಟೆಂಟ್ ಇದ್ದವರಿಗೆ ಅಲ್ಲಿ ಅನುಕೂಲ, ಕಟ್ಟುವ ಹಗ್ಗಕ್ಕೆ ಕಲ್ಲು ಬೇಕಾದಷ್ಟಿವೆ. ದಾರಿಯ ಕ್ಯಾಂಪಿಂಗ್ ತಾಣಗಳಲ್ಲಿ ಬಾಡಿಗೆಗೆ ಸಿಗುವ ಮರದ ಕೋಣೆಗಳನ್ನು ಮೂರು ನಾಲ್ಕು ದಿನಕ್ಕೊಮ್ಮೆ ಹಿಡಿದರೆ ಬಟ್ಟೆ ಒಣಗುತ್ತದೆ, ನಿದ್ದೆಯೂ ಆಗುತ್ತದೆ.

ಖರ್ಚಿನಲ್ಲಿ ನಾರ್ವೆ ಫಿನ್‌ಲ್ಯಾಂಡಿಗಿಂತ ಭಾರ. ಅದಕ್ಕಿಂತ ಮುಖ್ಯ, ನಾರ್ವೆಯಲ್ಲಿ ಭಾನುವಾರ ದೊಡ್ಡ ದಿನಸಿ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಸಂಜೆ ಎಲ್ಲಿರುತ್ತೀರಿ ಎಂಬುದನ್ನು ಯೋಜನೆಯಲ್ಲೇ ಗುರುತಿಸಿಕೊಳ್ಳಬೇಕು. ಒಲೆಯ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ತರುವಂತಿಲ್ಲವಾದ್ದರಿಂದ, ರೊವಾನಿಯೆಮಿ ಅಥವಾ ಬೋಡೊದಲ್ಲೇ ಕೊಂಡುಕೊಳ್ಳಿ. ಸೈಕಲ್ಲಿನ ವಿಷಯದಲ್ಲಿ ಹೇಳಬೇಕಾದುದು ಒಂದೇ: ರಸ್ತೆಯೆಲ್ಲ ಡಾಂಬರು, ಟಯರ್ ಬಗ್ಗೆ ತಲೆಕೆಡಿಸಿಕೊಳ್ಳುವುದಕ್ಕಿಂತ ಅತಿ ಹಗುರವಾದ ಗೇರ್ ಇದೆಯೇ ಎಂದು ನೋಡಿ.

ಹಿಂದಿರುಗುವುದು

ಬಂದ ದಾರಿಯಲ್ಲೇ ತುಳಿದುಕೊಂಡು ಹಿಂದಿರುಗುವವರು ಕಡಿಮೆ. ಹೊನ್ನಿಂಗ್ಸ್‌ವೋಗಿಗೆ ಬೆರ್ಗೆನ್–ಕಿರ್ಕೆನೆಸ್ ಕರಾವಳಿ ಹಡಗುಗಳು ಬರುತ್ತವೆ. 1893ರಲ್ಲಿ ಆರಂಭವಾದ ಈ ಹಡಗು ಸೇವೆಯಲ್ಲಿ ಸೈಕಲ್ಲನ್ನೂ ಒಯ್ಯಬಹುದು. ದಕ್ಷಿಣಕ್ಕೆ ಹೋಗುವ ಹಡಗು ನಸುಕಿನಲ್ಲಿ ಹೊರಟು ಅದೇ ದಿನ ನಡುರಾತ್ರಿಯ ಹೊತ್ತಿಗೆ ಟ್ರೊಮ್ಸೊ ಸೇರುತ್ತದೆ. ಆದ್ದರಿಂದ ಎರಡು ವಾರದವರಿಗೆ ನಾನು ಹೇಳುವ ಹೊಂದಾಣಿಕೆ ಇದು: ಹೋಗುವಾಗ ಇನಾರಿಯ ದಾರಿ, ಬರುವಾಗ ಹಡಗು. ಬೋಡೊವರೆಗೂ ಹಡಗಿನಲ್ಲೇ ಉಳಿದರೆ, ಕರಾವಳಿಯ ಫಿಯೋರ್ಡುಗಳನ್ನು ಮಳೆಯಲ್ಲಿ ನೆನೆಯದೆ ನೋಡಿದಂತಾಗುತ್ತದೆ, ಅಲ್ಲಿಂದ ರೈಲು ಸಿಗುತ್ತದೆ. ಹೊನ್ನಿಂಗ್ಸ್‌ವೋಗಿನ ವಿಮಾನ ನಿಲ್ದಾಣಕ್ಕೆ ಬರುವುದು ಪುಟ್ಟ ವಿಮಾನಗಳು, ಸೈಕಲ್ಲಿಗೆ ಜಾಗವಿದೆಯೇ ಎಂದು ಮೊದಲೇ ಖಚಿತ ಮಾಡಿಕೊಳ್ಳದೆ ಟಿಕೆಟ್ ತೆಗೆಯಬೇಡಿ. ಆಲ್ಟಾಕ್ಕೆ ಬಸ್ಸಿದೆ. ಷೆಂಗೆನ್ ವೀಸಾದ ಮೇಲೆ ಬಂದವರಿಗೆ ನಾರ್ವೆ, ಫಿನ್‌ಲ್ಯಾಂಡ್ ಎರಡೂ ಒಂದೇ ವಲಯ, ಹೀಗಾಗಿ ಒಂದರಲ್ಲಿ ಇಳಿದು ಇನ್ನೊಂದರಿಂದ ಹೊರಡಲು ಅಡ್ಡಿಯಿಲ್ಲ.

ನೋರ್ಡ್‌ಕಾಪ್ ಆಗಬೇಕೆಂದೇನಿಲ್ಲದಿದ್ದರೆ

ತುತ್ತತುದಿಯೇ ಬೇಕೆನ್ನುವವರಿಗೆ ಒಂದು ಕಸಿವಿಸಿಯ ಸಂಗತಿಯಿದೆ. 1553ರಲ್ಲಿ ಪೂರ್ವಕ್ಕೆ ಜಲಮಾರ್ಗ ಹುಡುಕುತ್ತ ಬಂದ ಇಂಗ್ಲಿಷ್ ನಾವಿಕ ರಿಚರ್ಡ್ ಚಾನ್ಸೆಲರನ ತಂಡ ಈ ಬಂಡೆಗೆ ಉತ್ತರ ಭೂಶಿರವೆಂದು ಹೆಸರಿಟ್ಟದ್ದರಿಂದ ಅದಕ್ಕೆ ಆ ಪಟ್ಟ ಸಿಕ್ಕಿತು. ಪಕ್ಕದಲ್ಲೇ ಇರುವ ಕ್ನಿವ್‌ಶೆಲ್‌ಓಡ್ಡೆನ್ ಎಂಬ ತಗ್ಗಿನ ಚಾಚು ಅದಕ್ಕಿಂತ ಸುಮಾರು ಒಂದೂವರೆ ಕಿಲೋಮೀಟರ್ ಹೆಚ್ಚು ಉತ್ತರಕ್ಕಿದೆ. ಭೂಶಿರಕ್ಕೆ ಆರೇಳು ಕಿಲೋಮೀಟರ್ ಇರುವಾಗ ಸೈಕಲ್ಲನ್ನು ರಸ್ತೆ ಬದಿಯ ನಿಲುಗಡೆಯಲ್ಲಿ ಬೀಗ ಹಾಕಿ, ಹೋಗಿಬರಲು ಒಟ್ಟು 18 ಕಿಲೋಮೀಟರ್ ನಡೆಯಬೇಕು. ಎತ್ತರದ ಬಂಡೆಯ ನೋಟವನ್ನು ಕೆಳಗಿನಿಂದ ಕಾಣಬಹುದಾದ್ದರಿಂದ ನಡೆದದ್ದು ದಂಡವಾಗುವುದಿಲ್ಲ, ಆದರೆ ಸೈಕಲ್ ಶೂ ಹಾಕಿಕೊಂಡು ಹೊರಡುವ ದಾರಿ ಅದಲ್ಲ. ಎರಡೂ ದ್ವೀಪದ ಮೇಲಿವೆ ಎಂಬ ತಕರಾರು ಬೇರೆ.

ಜನಜಂಗುಳಿಯೂ ಪ್ರವಾಸಿ ಕಟ್ಟಡವೂ ಬೇಡವೆನಿಸಿದವರು ಲಕ್ಸೆಲ್ವ್‌ನಿಂದ ಪೂರ್ವಕ್ಕೆ ಹೊರಳಿ, ನೋರ್ಡ್‌ಕಿನ್ ಪರ್ಯಾಯದ್ವೀಪದ ಗಾಮ್ವಿಕ್ ಬಳಿಯ ಸ್ಲೆಟ್‌ನೆಸ್ ಕಡೆ ಹೋಗಬಹುದು. 1905ರಲ್ಲಿ ಕಟ್ಟಿದ ಅಲ್ಲಿನ ದೀಪಸ್ತಂಭ 71 ಡಿಗ್ರಿಗೂ ಉತ್ತರದಲ್ಲಿ, ಮುಖ್ಯಭೂಮಿಯ ಮೇಲೆಯೇ ಇದೆ, ಅದರ ಬುಡದವರೆಗೆ ರಸ್ತೆಯೂ ಇದೆ. ಇ69ರಲ್ಲಿ ಸಾಗುವ ಬಸ್ಸುಗಳ ಸಾಲು ಅಲ್ಲಿಲ್ಲ. ಅಂಗಡಿಗಳ ಅಂತರ ಮಾತ್ರ ಇನ್ನೂ ಹೆಚ್ಚು, ಮರವಿಲ್ಲದ ಎತ್ತರದಲ್ಲಿ ಸಾಗುವ ದೂರವೂ ಉದ್ದ. ಆಯ್ಕೆ ಮಾಡುವವರು ನೋರ್ಡ್‌ಕಾಪ್‌ಗೆ ಹೇಳಿದ್ದಕ್ಕಿಂತ ಇನ್ನೂ ಎರಡು ದಿನ ಹೆಚ್ಚು ಇಟ್ಟುಕೊಂಡು, ಅದೇ ಪರ್ಯಾಯದ್ವೀಪದ ಮೆಹಾಮ್ನ್ ಊರಿನಿಂದ ಕರಾವಳಿ ಹಡಗು ಹೊರಡುವ ಹೊತ್ತನ್ನು ಮೊದಲೇ ನೋಡಿಕೊಂಡು ಹೊರಡಬೇಕು.